ಷೇರುಪೇಟೆಯಲ್ಲಿ ಶೂನ್ಯದೋಷ

ವರ್ನಿಯರ್ ಕ್ಯಾಲಿಪರ್ಸನ್ನು ಮೊದಲ ಬಾರಿಗೆ ಹಿಡಿಯುವ ವಿದ್ಯಾರ್ಥಿಗೆ ನಾವು ಹೇಳುವ ಮಾತು ಒಂದೇ: "ಅಳೆಯುವ ಮುನ್ನ ಉಪಕರಣದ ಶೂನ್ಯದೋಷವನ್ನು ಬರೆದುಕೊ." ದೋಷವಿರುವುದು ತಪ್ಪಲ್ಲ, ಅದನ್ನು ಮರೆಮಾಚುವುದು ತಪ್ಪು. ಔಷಧ ಸಂಶೋಧನೆಯ ಕಂಪೆನಿಗಳ ಷೇರುಗಳನ್ನು ಕೊಂಡು, ತಾವು ಕೊಂಡುದನ್ನೂ ತಿಳಿದುದನ್ನೂ ಒಬ್ಬರಿಗೊಬ್ಬರು ಹೇಳಿಕೊಳ್ಳುವ ಹೂಡಿಕೆದಾರರಿಗೂ ಈ ನಿಯಮವು ಸಲ್ಲುತ್ತದೆ.

ಸಾಬೂನು ಮಾರುವ ಕಂಪೆನಿಯ ಷೇರಿನ ಬೆಲೆ ವರ್ಷವಿಡೀ ನಡೆಯುವ ವ್ಯಾಪಾರವನ್ನು ಅವಲಂಬಿಸಿರುತ್ತದೆ. ಹೊಸ ಔಷಧವನ್ನು ಅರಸುವ ಕಂಪೆನಿಯದಾದರೋ ಅನೇಕ ವೇಳೆ ಒಂದೇ ಪ್ರಯೋಗದ ಫಲವನ್ನು ನೆಚ್ಚಿರುತ್ತದೆ. ಆ ಪ್ರಯೋಗದಲ್ಲಿ ಕೆಲವು ರೋಗಿಗಳಿಗೆ ನಿಜವಾದ ಔಷಧ. ಉಳಿದವರಿಗೆ ಅದರಂತೆಯೇ ತೋರುವ ಹುಸಿಮದ್ದು. ಯಾರಿಗೆ ಯಾವುದೆಂಬುದು ರೋಗಿಗೂ ತಿಳಿಯದು, ವೈದ್ಯರಿಗೂ ತಿಳಿಯದು. ನಿರೀಕ್ಷೆಯು ನೋಟವನ್ನು ಕೆಡಿಸದಿರಲೆಂದು ಈ ಗುಟ್ಟು. ಗುಟ್ಟು ಹೊರಬಿದ್ದ ದಿನ ಷೇರಿನ ಬೆಲೆ ಹಠಾತ್ತನೆ ಏರುವುದುಂಟು, ಕುಸಿಯುವುದೂ ಉಂಟು.

ಎಲಾನ್ ಮತ್ತು ವೈಯೆತ್ ಕಂಪೆನಿಗಳು ಆಲ್ಜೈಮರ್ ರೋಗಕ್ಕಾಗಿ ಬ್ಯಾಪಿನ್ಯೂಜುಮ್ಯಾಬ್ ಎಂಬ ಔಷಧವನ್ನು 234 ರೋಗಿಗಳಲ್ಲಿ ಪರೀಕ್ಷಿಸಿದ್ದುವು. ಪೂರ್ಣ ಫಲಿತಾಂಶವು 2008ರ ಜುಲೈ 29ರಂದು ಷಿಕಾಗೋ ನಗರದ ಸಮ್ಮೇಳನದಲ್ಲಿ ಪ್ರಕಟವಾಗಬೇಕಾಗಿದ್ದಿತು. ಅದನ್ನು ಮಂಡಿಸಬೇಕಾಗಿದ್ದವರು ಪರೀಕ್ಷೆಯ ಸುರಕ್ಷತಾ ಸಮಿತಿಯ ಅಧ್ಯಕ್ಷರಾದ ನರರೋಗತಜ್ಞ ಸಿಡ್ನಿ ಗಿಲ್ಮನ್. ಮ್ಯಾಥ್ಯೂ ಮಾರ್ಟೋಮಾ ಎಂಬ ಹೂಡಿಕೆ ವ್ಯವಸ್ಥಾಪಕನು ಅವರಿಂದಲೇ ನಿರಾಶಾದಾಯಕವಾದ ಆ ಫಲವನ್ನು ಮುಂಚಿತವಾಗಿ ತಿಳಿದುಕೊಂಡನು. ಅವನ ಸಂಸ್ಥೆ ತನ್ನ ಷೇರುಗಳನ್ನು ಸದ್ದಿಲ್ಲದೆ ಮಾರಿತು. ಫಲವು ಪ್ರಕಟವಾದ ಮೇಲೆ ಎಲಾನ್ ಷೇರು ಸುಮಾರು ಶೇಕಡ 42ರಷ್ಟು ಕುಸಿಯಿತು. ಸಂಸ್ಥೆಗೆ ಬಂದ ಲಾಭವೂ ತಪ್ಪಿದ ನಷ್ಟವೂ ಸೇರಿ ಸುಮಾರು 27 ಕೋಟಿ 50 ಲಕ್ಷ ಡಾಲರು. 2014ರಲ್ಲಿ ಮಾರ್ಟೋಮಾನಿಗೆ 9 ವರ್ಷಗಳ ಸೆರೆವಾಸ ವಿಧಿಸಲಾಯಿತು.

ಹಾಗಾದರೆ ಹೂಡಿಕೆದಾರರು ಪರಸ್ಪರ ಮಾತನಾಡಲೇ ಬಾರದೆ? ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ರೋಗಿಗಳನ್ನೆಲ್ಲ ಒಟ್ಟಾಗಿ ಎಣಿಸಿದರೆ ಮುಖ್ಯ ಗುರಿ ಸಾಧಿತವಾಗಲಿಲ್ಲವೆಂದೂ, ಒಂದು ಬಗೆಯ ವಂಶವಾಹಿ ಇಲ್ಲದವರ ಗುಂಪಿನಲ್ಲಿ ಮಾತ್ರ ಪ್ರಯೋಜನ ಕಂಡಿತೆಂದೂ ಕಂಪೆನಿಗಳು ಜೂನ್ ತಿಂಗಳಲ್ಲಿಯೇ ಬಹಿರಂಗವಾಗಿ ತಿಳಿಸಿದ್ದುವು. ಅಂಕಿಗಳನ್ನು ಆಮೇಲೆ ಗುಂಪುಗುಂಪಾಗಿ ವಿಂಗಡಿಸಿದಾಗ ಆಕಸ್ಮಿಕವೂ ಗುಣದಂತೆ ಕಾಣಬಹುದು. ಅದನ್ನೋದಿ ಸಂಶಯಪಟ್ಟವನು ತನ್ನ ತರ್ಕವನ್ನು ಹತ್ತು ಜನರಿಗೆ ಹೇಳಿದ್ದರೆ ಅದು ಪರಿಶ್ರಮದ ಫಲವೆನಿಸುತ್ತಿದ್ದಿತು. ಯಾರು ಬೇಕಾದರೂ ಪರೀಕ್ಷಿಸಿ ನೋಡಬಹುದಾಗಿದ್ದಿತು. ತೀರ್ಮಾನ ಒಂದೇ, ದಾರಿ ಬೇರೆ. 2012ರಲ್ಲಿ ದೊಡ್ಡ ಪರೀಕ್ಷೆಗಳಲ್ಲಿಯೂ ಈ ಔಷಧ ವಿಫಲವಾಯಿತು.

ಆದುದರಿಂದ ಷೇರಿನ ವಿಷಯ ಹೇಳುವವನು ಮೂರನ್ನು ತಿಳಿಸುವುದು ಮರ್ಯಾದೆ: ಈ ಸಂಗತಿ ತನಗೆಲ್ಲಿ ದೊರೆಯಿತು, ಯಾರ ಶ್ರಮವನ್ನು ತಾನು ಬಳಸಿಕೊಂಡನು, ಆ ಷೇರು ತನ್ನಲ್ಲಿ ಇದೆಯೇ, ಇಲ್ಲವೇ. ಕೊಂಡಾಗ ಹೇಳಿದವನು ಮಾರಿದಾಗಲೂ ಹೇಳಬೇಕು. ಸ್ವಂತ ಹಣ ತೊಡಗಿದವನ ಮನಸ್ಸಿಗೆ ಶೂನ್ಯದೋಷವಿದ್ದೇ ಇರುತ್ತದೆ. ಅದನ್ನು ತಿಳಿಸಿದರೆ ಕೇಳುವವನು ಕಳೆದುಕೊಂಡು ಲೆಕ್ಕ ಹಾಕಬಲ್ಲನು.

ಮರೆಯಬಾರದ ಮಾತು ಇನ್ನೊಂದುಂಟು. ಆ 234 ಮಂದಿ ನೆನಪು ಅಳಿಯುತ್ತಿದ್ದ ರೋಗಿಗಳು. ತಮ್ಮ ದೇಹವನ್ನು ಅವರು ಪ್ರಯೋಗಕ್ಕೆ ಒಡ್ಡಿದುದು ಎಲ್ಲರಿಗೂ ಉಪಯೋಗವಾಗಲೆಂದು. ಆ ಫಲವನ್ನು ಎಲ್ಲರಿಗಿಂತ ಮೊದಲು ಮಾರಿಕೊಳ್ಳುವ ಅಧಿಕಾರ ಯಾರಿಗೂ ಇರಲಿಲ್ಲ.