ನೋಡುವುದೋ, ನೂಕುವುದೋ?

ದೀಪಾವಳಿ ಬಂತೆಂದರೆ ಮುಂಬಯಿ, ಪುಣೆ ಕಡೆಯ ಎಷ್ಟೋ ಹೌಸಿಂಗ್ ಸೊಸೈಟಿಗಳಲ್ಲಿ ರಾತ್ರಿಯಿಡೀ ತೀನ್ ಪತ್ತಿ ನಡೆಯುತ್ತದೆ. ಊರಿನಲ್ಲಿ ರಮ್ಮಿ ಆಡಿಕೊಂಡು ಬೆಳೆದ ನಮ್ಮವರೂ ಇಲ್ಲಿಗೆ ಬಂದ ಮೇಲೆ ಬ್ಲೈಂಡ್, ಚಾಲ್, ಷೋ ಎಲ್ಲವನ್ನೂ ಕಲಿತುಬಿಡುತ್ತಾರೆ. ಅಲ್ಲಿಂದ ಪೋಕರ್‌ಗೆ ಬಂದವರಲ್ಲಿ ಒಂದು ಅಭ್ಯಾಸ ಎದ್ದು ಕಾಣುತ್ತದೆ. ಎದುರಿನವರ ಎಲೆ ನೋಡದೆ ಬಿಡಲು ಮನಸ್ಸಾಗುವುದಿಲ್ಲ. ‘ಇಷ್ಟು ಹಾಕಿದ್ದಾಯಿತು, ಇನ್ನಷ್ಟು ಹಾಕಿ ನೋಡಿಯೇಬಿಡೋಣ’ ಎನ್ನುತ್ತಾರೆ. ಪೋಕರ್‌ನಲ್ಲಿ ಹೀಗೆ ಎದುರಿನವರು ಕಟ್ಟಿದಷ್ಟನ್ನೇ ನಾವೂ ಕಟ್ಟುವುದು ಕಾಲ್. ಮುಂದಿರುವ ಚಿಪ್ಸನ್ನೆಲ್ಲ ಒಂದೇ ಸಲ ನೂಕಿದರೆ ಆಲ್-ಇನ್.

ಕಾಲ್ ಮಾಡುವವನು ನಿಧಾನಸ್ಥ, ಆಲ್-ಇನ್ ಹೋಗುವವನು ಹುಂಬ ಎಂದು ಪಕ್ಕದಲ್ಲಿ ಕೂತು ನೋಡುವವರಿಗೆ ಅನ್ನಿಸುತ್ತದೆ. ಪೆನ್ನು ಕಾಗದ ಹಿಡಿದು ಕೂತರೆ ಎಷ್ಟೋ ಸಲ ಇದು ಉಲ್ಟಾ ಆಗುತ್ತದೆ.

ಇಂದು ಹೆಚ್ಚಾಗಿ ಆಡುವ ಟೆಕ್ಸಾಸ್ ಹೋಲ್ಡೆಮ್ ಬಗೆಯನ್ನೇ ತೆಗೆದುಕೊಳ್ಳಿ. ಪ್ರತಿಯೊಬ್ಬರ ಕೈಯಲ್ಲಿ ಮುಚ್ಚಿದ ಎರಡು ಎಲೆ. ಮೇಜಿನ ನಡುವೆ ಎಲ್ಲರಿಗೂ ಸೇರಿದ ಐದು ಎಲೆ, ಅವು ಹಂತಹಂತವಾಗಿ ಬಿಚ್ಚಿಕೊಳ್ಳುತ್ತವೆ. ಈ ಏಳರಲ್ಲಿ ಒಳ್ಳೆಯ ಐದನ್ನು ಹೊಂದಿಸಿದವರದು ಗೆಲುವು. ಈಗ ನಾಲ್ಕು ಎಲೆ ಬಿಚ್ಚಿದೆ, ಒಂದು ಬಾಕಿ. ನಿಮ್ಮ ಕೈಯಲ್ಲಿ ಎರಡು ಆಟೀನ್, ಮೇಜಿನ ಮೇಲೆ ಇನ್ನೆರಡು. ಇನ್ನೊಂದು ಆಟೀನ್ ಬಿದ್ದರೆ ನಿಮ್ಮದು ಕಲರ್, ಬೀಳದಿದ್ದರೆ ಕೈ ಖಾಲಿ. ನೀವು ಕಾಣದ ಎಲೆ 46, ಅವುಗಳಲ್ಲಿ ಆಟೀನ್ 9. ಅಂದರೆ ನೂರಕ್ಕೆ ಇಪ್ಪತ್ತೂ ಇಲ್ಲ, 19.6.

ಪಾಟ್‌ನಲ್ಲಿ 1000 ಚಿಪ್ಸ್ ಇದೆ. ಎದುರಿನವರು 500 ಕಟ್ಟಿದರು. ನಿಮ್ಮ ಮುಂದೆ 2000 ಇದೆ, ಅವರ ಹತ್ತಿರ ಅದಕ್ಕಿಂತ ಹೆಚ್ಚಿದೆ. ಕಾಲ್ ಮಾಡಿದರೆ 500 ಹಾಕಿ 1500ಕ್ಕೆ ಆಸೆಪಟ್ಟಂತೆ. ಇದು ಸರಿತೂಗಲು ನಾಲ್ಕರಲ್ಲಿ ಒಂದು ಸಲವಾದರೂ ಗೆಲ್ಲಬೇಕು. ನಿಮಗಿರುವುದು ಐದರಲ್ಲಿ ಒಂದಕ್ಕೂ ಕಡಿಮೆ. ಸರಾಸರಿ ಲೆಕ್ಕದಲ್ಲಿ ಇಂಥ ಪ್ರತಿ ಕಾಲ್‌ಗೂ 109 ಚಿಪ್ಸ್ ಕೈಬಿಡುತ್ತದೆ. ಕಲರ್ ಬಿದ್ದ ಮೇಲೆ ಅವರಿಂದ ಸರಾಸರಿ ಇನ್ನೂ 560ರಷ್ಟು ಕೀಳಬಲ್ಲೆ ಎಂಬ ಭರವಸೆ ಇದ್ದರೆ ನಷ್ಟ ತುಂಬಿಕೊಳ್ಳುತ್ತದೆ. ಆದರೆ ಮೇಜಿನ ಮೇಲೆ ಮೂರನೆಯ ಆಟೀನ್ ಕಂಡೊಡನೆ ಬುದ್ಧಿ ಇರುವ ಯಾರೂ ಕೈ ಬಿಗಿ ಹಿಡಿಯುತ್ತಾರೆ.

ಅದೇ ಎಲೆ ಹಿಡಿದು 2000ವನ್ನೂ ನೂಕಿದರೆ? ಅವರು ಕಾಲ್ ಮಾಡಿದರೆ ನಿಮ್ಮ ಸ್ಥಿತಿ ಕೆಟ್ಟದ್ದೇ, ಸರಾಸರಿ 1022 ನಷ್ಟ. ಆದರೆ ಈಗ ಅವರು ಇನ್ನೂ 1500 ಹಾಕಬೇಕು. ಹೆದರಿ ಪ್ಯಾಕ್ ಮಾಡಿದರೆ ಎಲೆ ತೋರಿಸದೆಯೇ 1500 ನಿಮ್ಮದು. ನೂರರಲ್ಲಿ 41 ಸಲ ಅವರು ಬಿಟ್ಟುಕೊಟ್ಟರೆ ನಿಮಗೆ ನಷ್ಟವಿಲ್ಲ. ಐವತ್ತು ಸಲ ಬಿಟ್ಟುಕೊಟ್ಟರೆ ಪ್ರತಿ ಸಲಕ್ಕೂ ಸುಮಾರು 240 ಲಾಭ. ಕಾಲ್ ಮಾಡಿದವನಿಗೆ ಗೆಲ್ಲಲು ಒಂದೇ ದಾರಿ, ಎಲೆ ಬೀಳಬೇಕು. ನೂಕಿದವನಿಗೆ ಎರಡು.

ಹಾಗಾದರೆ ಸದಾ ನೂಕುತ್ತಲೇ ಇರೋಣವೇ? ಆ 41 ಎಂಬ ಸಂಖ್ಯೆ ಎಲೆಯಲ್ಲಿಲ್ಲ, ಎದುರು ಕೂತ ಮನುಷ್ಯನಲ್ಲಿದೆ. ‘ನೋಡಿಯೇಬಿಡೋಣ’ ಎನ್ನುವ ನಮ್ಮ ದೀಪಾವಳಿ ಆಟಗಾರ ನೂರಕ್ಕೆ ಹತ್ತು ಸಲವೂ ಬಿಡುವುದಿಲ್ಲ. ಅವನ ಮುಂದೆ ಬ್ಲಫ್ ಮಾಡುವುದು ದಂಡ. ಅವನೆದುರು ಒಳ್ಳೆಯ ಎಲೆ ಬರುವವರೆಗೆ ಕಾದು, ಬಂದಾಗ ಧಾರಾಳವಾಗಿ ಕಟ್ಟಿದರೆ ಸಾಕು.

ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ 2003ರದು. ಲಾಸ್ ವೇಗಸ್‌ನ ವರ್ಲ್ಡ್ ಸೀರೀಸ್ ಆಫ್ ಪೋಕರ್ ಮುಖ್ಯ ಪಂದ್ಯ, 839 ಆಟಗಾರರು, ಪ್ರವೇಶಕ್ಕೆ 10,000 ಡಾಲರ್. ಕೊನೆಗೆ ಉಳಿದವರು ಇಬ್ಬರು. ಒಬ್ಬ ಪಳಗಿದ ಆಟಗಾರ ಸ್ಯಾಮಿ ಫರ್ಹಾ. ಇನ್ನೊಬ್ಬ ಟೆನೆಸಿಯ ಅಕೌಂಟೆಂಟ್ ಕ್ರಿಸ್ ಮನಿಮೇಕರ್, ಸಣ್ಣ ಮೊತ್ತದ ಆನ್‌ಲೈನ್ ಪಂದ್ಯ ಗೆದ್ದು ಅಲ್ಲಿಗೆ ಬಂದವ. (ಹೆಸರು ಕಟ್ಟಿದ್ದಲ್ಲ, ಅದು ಆತನ ಮನೆತನದ ಹೆಸರೇ.) ಮನಿಮೇಕರ್ ಕೈಯಲ್ಲಿ ಇಸ್ಪೀಟಿನ ರಾಜ, ಆಟೀನಿನ 7. ಫರ್ಹಾ ಕೈಯಲ್ಲಿ ಇಸ್ಪೀಟಿನ ರಾಣಿ, ಆಟೀನಿನ 9. ಮೇಜಿನ ಮೇಲೆ ಮೊದಲ ನಾಲ್ಕರಲ್ಲಿ ಇಸ್ಪೀಟಿನ 9, 6, 8, ಜೊತೆಗೊಂದು ಎರಡು. ಫರ್ಹಾಗೆ ಆಗಲೇ ಒಂಬತ್ತರ ಜೋಡಿ. ಮನಿಮೇಕರ್‌ಗೆ ಇನ್ನೊಂದು ಇಸ್ಪೀಟು ಬಂದರೆ ಕಲರ್, 5 ಅಥವಾ 10 ಬಂದರೆ ಸೀಕ್ವೆನ್ಸ್. ಕೊನೆಗೆ ಬಿದ್ದದ್ದು ಆಟೀನಿನ 3. ಏನೂ ಕೂಡಿಬರಲಿಲ್ಲ.

ಆಗ ಮನಿಮೇಕರ್ ಆಲ್-ಇನ್ ಹೋದ. ಫರ್ಹಾ ಬಹಳ ಹೊತ್ತು ಯೋಚಿಸಿದ. ನಿನ್ನ ಕಲರ್ ಕೂಡಿಬಂದಿಲ್ಲ ಅಲ್ಲವೇ ಎಂಬರ್ಥದ ಮಾತನ್ನೂ ಬಾಯಿಬಿಟ್ಟು ಆಡಿದ. ಎದುರಿನವನ ಮುಖ ಕಲ್ಲಿನಂತಿತ್ತು. ಕೊನೆಗೆ ಫರ್ಹಾ ತನ್ನ ಗೆಲ್ಲುವ ಎಲೆಯನ್ನು ಕೆಳಗಿಟ್ಟ. ಪಂದ್ಯ ಮನಿಮೇಕರ್‌ನದಾಯಿತು, ಬಹುಮಾನ 25 ಲಕ್ಷ ಡಾಲರ್. ಆ ಗೆಲುವನ್ನು ಟಿವಿಯಲ್ಲಿ ನೋಡಿದ ಸಾಮಾನ್ಯ ಜನ ಪೋಕರ್‌ಗೆ ಮುಗಿಬಿದ್ದದ್ದು ಆಮೇಲಿನ ಕಥೆ.

ಈ ಕಥೆ ಹೇಳುವವರು ಮನಿಮೇಕರ್‌ನ ಎದೆಗಾರಿಕೆಯನ್ನು ಹೊಗಳಿ ಮುಗಿಸುತ್ತಾರೆ. ನನಗೆ ಫರ್ಹಾನ ಕಷ್ಟವೇ ದೊಡ್ಡದಾಗಿ ಕಾಣುತ್ತದೆ. ನೂಕುವವನು ಕೇಳಿಕೊಳ್ಳಬೇಕಾದ ಪ್ರಶ್ನೆ ‘ಇವನು ಬಿಡುತ್ತಾನೆಯೇ?’ ಎಂಬುದು. ಕಾಲ್ ಮಾಡುವವನಿಗೆ ಎದುರಿನವನನ್ನು ಓಡಿಸುವ ದಾರಿಯೇ ಮುಚ್ಚಿಹೋಗಿದೆ, ಕೈಯಲ್ಲಿರುವ ಎಲೆ ಮಾತ್ರ ಗತಿ. ಆದ್ದರಿಂದಲೇ ನೂಕಲು ಸಾಕಾಗುವ ಎಲೆ ಕಾಲ್ ಮಾಡಲು ಸಾಕಾಗುವುದಿಲ್ಲ. ಡೇವಿಡ್ ಸ್ಕ್ಲಾನ್ಸ್ಕಿ ಎಂಬ ಪೋಕರ್ ಲೇಖಕ ಇದನ್ನು ‘ಗ್ಯಾಪ್’ ಎಂದು ಕರೆದ. ಚಿಪ್ಸ್ ಕಡಿಮೆ ಇರುವಾಗ ಎಕ್ಕ ಮತ್ತು 10 ಹಿಡಿದು, ಉಳಿದವರೆಲ್ಲ ಪ್ಯಾಕ್ ಮಾಡಿದ ಮೇಲೆ ನೀವು ನೂಕಬಹುದು. ಅದೇ ಎಕ್ಕ-ಹತ್ತು ಕೈಯಲ್ಲಿದ್ದು, ಗಂಟೆಗಟ್ಟಲೆ ಸುಮ್ಮನಿದ್ದ ಜಿಪುಣ ಆಟಗಾರ ಆಲ್-ಇನ್ ಎಂದರೆ ಬಿಡುವುದೇ ಲೇಸು. ಅವನ ಹತ್ತಿರ ಎಕ್ಕ-ರಾಜ ಇಲ್ಲವೇ ದೊಡ್ಡ ಜೋಡಿ ಇರುವ ಸಂಭವವೇ ಹೆಚ್ಚು.

ಬಿಡುವ ವಿದ್ಯೆ ನಮ್ಮ ರಮ್ಮಿಯವರಿಗೆ ಹೊಸದೇನಲ್ಲ. ಹದಿಮೂರು ಎಲೆ ಕೈಗೆ ಬಂದೊಡನೆ ಇದು ಕೂಡಿಬರುವ ಕೈಯಲ್ಲ ಎಂದು 20 ಪಾಯಿಂಟ್ ತೆತ್ತು ಡ್ರಾಪ್ ಆಗುವ ಹಿರಿಯರನ್ನು ನೀವೂ ಕಂಡಿರುತ್ತೀರಿ. ನಡುವೆ ಬಿಟ್ಟರೆ 40, ಕೊನೆಯವರೆಗೆ ಕೂತು ಸಿಕ್ಕಿಬಿದ್ದರೆ 80. ಅವರೇ ಪೋಕರ್ ಮೇಜಿನಲ್ಲಿ ಆಸೆಗೆ ಬಿದ್ದು ಕಾಲ್ ಮೇಲೆ ಕಾಲ್ ಮಾಡುವುದನ್ನು ಕಂಡರೆ ಆಶ್ಚರ್ಯವಾಗುತ್ತದೆ!

ಟೂರ್ನಮೆಂಟ್‌ನಲ್ಲಿ ಚಿಪ್ಸ್ ಕರಗುತ್ತ ಬಂದಾಗ ಈ ಗೊಂದಲ ತಾನಾಗಿಯೇ ಕಡಿಮೆಯಾಗುತ್ತದೆ. ಎಲೆ ಹಂಚುವ ಮುಂಚೆಯೇ ಇಬ್ಬರು ಕಟ್ಟಬೇಕಾದ ಮೊತ್ತವಿದೆಯಲ್ಲ, ಅದರಲ್ಲಿ ದೊಡ್ಡದು ಬಿಗ್ ಬ್ಲೈಂಡ್. ಅದರ ಹತ್ತು ಪಟ್ಟೂ ನಿಮ್ಮಲ್ಲಿ ಉಳಿದಿಲ್ಲವೆಂದರೆ ನೂಕು ಇಲ್ಲವೇ ಬಿಡು ಎನ್ನುವುದೇ ಸಾಮಾನ್ಯ ಸಲಹೆ. ಸುಮ್ಮನೆ ಕಾಲ್ ಮಾಡಿ, ಹಿಂದಿನವನು ಏರಿಸಿದಾಗ ಬಿಟ್ಟರೆ ಇದ್ದದ್ದರಲ್ಲಿ ಹತ್ತನೆಯ ಒಂದು ಪಾಲು ಆಗಲೇ ಹೋಯಿತು.

ಇಷ್ಟು ಹೊತ್ತು ಹೇಳಿದ್ದೆಲ್ಲ ಚಿಪ್ಸ್ ಲೆಕ್ಕ. ಚಿಪ್ಸ್ ಹಿಂದೆ ಸಂಬಳ ಇದ್ದಾಗ ಲೆಕ್ಕ ಬೇರೆ. ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ತಡೆಯಲು ಕರ್ನಾಟಕ 2021ರಲ್ಲಿ ತಂದ ತಿದ್ದುಪಡಿಯನ್ನು ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ರದ್ದುಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆ ಕೌಶಲವೋ ಅದೃಷ್ಟವೋ ಎಂದು ನೋಡದೆ ಅಂಥ ಆಟಗಳನ್ನು ನಿಷೇಧಿಸಿತು. ಕಾಯಿದೆ ಏನೇ ಇರಲಿ, ಗಣಿತ ಒಂದು ಮಾತು ಹೇಳುತ್ತದೆ. ಕೈಯಲ್ಲಿ ಎರಡು ಎಕ್ಕ, ಎದುರಿಗೆ ಎರಡು ರಾಜ. ಎಲೆ ಹಂಚಿದೊಡನೆ ಇಬ್ಬರೂ ಆಲ್-ಇನ್. ಇದಕ್ಕಿಂತ ಒಳ್ಳೆಯ ಗಳಿಗೆ ಬೇಕೇ? ಗೆಲ್ಲುವ ಸಂಭವ ನೂರಕ್ಕೆ ಸುಮಾರು 82. ಆದರೆ ನೂರು ಜನ ತಮ್ಮದೆಲ್ಲವನ್ನೂ ಹೀಗೇ ಐದು ಸಲ ನೂಕಿದರೆ ಒಮ್ಮೆಯೂ ಸೋಲದೆ ಉಳಿಯುವವರು ಸುಮಾರು 37. ಹತ್ತು ಸಲವಾದರೆ 14.

ಅನುಭವಿಗಳು ಆಟಕ್ಕೆಂದೇ ತೆಗೆದಿಟ್ಟ ಹಣದ ಇಪ್ಪತ್ತನೆಯ ಒಂದು ಪಾಲಿಗಿಂತ ಹೆಚ್ಚನ್ನು ಒಂದು ಮೇಜಿಗೆ ಒಯ್ಯದಿರುವುದು ಇದಕ್ಕೇ. ಪೋಕರ್‌ನಲ್ಲಿ ಇದಕ್ಕೆ ಪೂರಕವಾದ ನಿಯಮವೂ ಇದೆ. ಆಲ್-ಇನ್ ಎಂದರೆ ಮೇಜಿನ ಮೇಲಿರುವುದಷ್ಟೇ. ಆಟದ ನಡುವೆ ಜೇಬಿಗೆ ಕೈಹಾಕುವಂತಿಲ್ಲ. ಆದರೆ ಆ ಆಟ ಮುಗಿದು ಮುಂದಿನದಕ್ಕೆ ಎಲೆ ಹಂಚುವ ಮೊದಲು ಮತ್ತೆ ಚಿಪ್ಸ್ ಕೊಳ್ಳಲು ಹೊರಟವರನ್ನು ಯಾವ ನಿಯಮವೂ ತಡೆಯುವುದಿಲ್ಲ.