ಬಸಿರಿನ ನಂಜು

ಬಸುರಿಯ ಕಾಲು ಬಾತು ಮುಖ ಊದಿಕೊಂಡರೆ ನಮ್ಮ ಹಿರಿಯರು ‘ನಂಜು’ ಎನ್ನುತ್ತಿದ್ದರು. ಇಂಗ್ಲಿಷ್ ವೈದ್ಯರೂ ಬಹುಕಾಲ ಅದೇ ಅರ್ಥದ ‘ಟಾಕ್ಸೀಮಿಯಾ’ ಎಂಬ ಹೆಸರನ್ನು ಬಳಸಿದರು. ಕನ್ನಡ ಪಾಠ ಹೇಳಿಕೊಂಡಿದ್ದ ನಾನು ವೈದ್ಯದ ಮಾತಿಗೆ ತೊಡಗಿರುವುದು ಈ ಪದದ ದೆಸೆಯಿಂದಲೇ. ನಂಜೆಂದೊಡನೆ ನಮಗೆ ಪಥ್ಯದ ನೆನಪಾಗುತ್ತದೆ, ಉಪ್ಪು ಬಿಡಿಸುತ್ತೇವೆ. ಅದರಿಂದ ಈ ರೋಗ ನಿಲ್ಲದು.

ದೋಷದ ಮೂಲವಿರುವುದು ಮಾಸಿನಲ್ಲಿ. ಅದಕ್ಕೆ ರಕ್ತ ಸಾಲದಾದಾಗ ಅದು ಹೊರಬಿಡುವ ದ್ರವ್ಯಗಳು ತಾಯಿಯ ರಕ್ತನಾಳಗಳನ್ನು ಕೆಡಿಸುತ್ತವೆ. ಹಾಗೆ ನೋಡಿದರೆ ಹಿರಿಯರ ಮಾತು ಪೂರಾ ಸುಳ್ಳಲ್ಲ. ಆದರೆ ಬಾವು ನಂಬತಕ್ಕ ಸಾಕ್ಷಿಯಲ್ಲ. ಅದು ಆರೋಗ್ಯವಂತ ಬಸುರಿಯರಲ್ಲಿಯೂ ಉಂಟು. 20 ವಾರಗಳಾದ ಮೇಲೆ ರಕ್ತದೊತ್ತಡ 140/90ನ್ನು ಮುಟ್ಟಿ, ಮೂತ್ರದಲ್ಲಿ ಪ್ರೋಟೀನು ಕಂಡರೆ ಅದು ರೋಗ. ಆಕೆಗೆ ಏನೂ ಅನಿಸದೆ ಇರಬಹುದು. 160/110 ಆದರೆ ತಡಮಾಡದೆ ಆಸ್ಪತ್ರೆ ಸೇರಬೇಕು.

ಮುಂದಿನ ಘಟ್ಟ ‘ಎಕ್ಲಾಂಪ್ಸಿಯಾ’, ಎಂದರೆ ಸೆಳವು. ಈ ಗ್ರೀಕ್ ಪದಕ್ಕೆ ಹಠಾತ್ತನೆ ಹೊಳೆಯುವುದು ಎಂದರ್ಥ. ಮಿಂಚಿಗೆ ಮೊದಲು ಮೋಡ ಕಟ್ಟುವುದೂ ಉಂಟು: ಬಿಡದ ತಲೆನೋವು, ಕಣ್ಣು ಮಂಜಾಗುವುದು, ಬಲಪಕ್ಕೆಯ ಕೆಳಗೆ ನೋವು. ಸೆಳವು ಬಂದವಳ ಕೈಗೆ ಕಬ್ಬಿಣ ಕೊಡುವುದಾಗಲಿ, ಬಾಯಿಗೆ ನೀರು ಹಾಕುವುದಾಗಲಿ ಕೂಡದು. ಎಡಮಗ್ಗುಲಿಗೆ ಹೊರಳಿಸಿ ಆಸ್ಪತ್ರೆಗೆ ಒಯ್ಯಬೇಕು. ಅಲ್ಲಿ ಕೊಡುವ ಮುಖ್ಯ ಮದ್ದು ಮೆಗ್ನೀಸಿಯಂ ಸಲ್ಫೇಟು, ಹಿಂದೆ ಭೇದಿಗೆ ಕುಡಿಸುತ್ತಿದ್ದ ಎಪ್ಸಂ ಉಪ್ಪು! ಈಗ ಅದು ಸೂಜಿಯ ಮೂಲಕ. 33 ದೇಶಗಳ ಹತ್ತು ಸಾವಿರಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅದು ಸೆಳವಿನ ಅಪಾಯವನ್ನು ಅರ್ಧಕ್ಕಿಳಿಸಿತು. ಒತ್ತಡ ತಗ್ಗಿಸಲು ಬೇರೆ ಔಷಧಗಳಿವೆ. ಮೂಲ ಚಿಕಿತ್ಸೆ ಮಾತ್ರ ಹೆರಿಗೆಯೇ. ಅದರ ಹೊತ್ತನ್ನು ವೈದ್ಯರು ಗೊತ್ತುಮಾಡಬೇಕು. ಹಿಂದಿನ ಬಸಿರಿನಲ್ಲಿ ಇದನ್ನು ಕಂಡವಳು ಮೂರನೆಯ ತಿಂಗಳೊಳಗೇ ಹೋಗಿ ವಿಚಾರಿಸಿದರೆ, ಸಣ್ಣ ಪ್ರಮಾಣದ ಆಸ್ಪಿರಿನ್ ಕೊಡುವುದುಂಟು.

ನನ್ನ ಕಳವಳ ಇನ್ನೊಂದು. ಈ ರೋಗ ಹೆಚ್ಚಾಗಿ ಕಾಡುವುದು ಚೊಚ್ಚಲ ಬಸಿರನ್ನು. ನಮ್ಮಲ್ಲಿ ಚೊಚ್ಚಲು ಹೆರಿಗೆ ತವರಿನಲ್ಲಿ. ಸೀಮಂತ ಮುಗಿಸಿ ಮಗಳು ಊರು ಬದಲಿಸುವ ತಿಂಗಳುಗಳೂ ಒತ್ತಡ ಏರುವ ತಿಂಗಳುಗಳೂ ಒಂದೇ. ಆರು ತಿಂಗಳು ನೋಡಿದ ವೈದ್ಯರು ಒಂದೂರಿನಲ್ಲಿ, ಹೆರಿಗೆ ಮಾಡಿಸುವವರು ಮತ್ತೊಂದೂರಿನಲ್ಲಿ. ಮಡಿಲು ತುಂಬುವಾಗ ತಾಯಿ ಕಾರ್ಡನ್ನು ಚೀಲದಲ್ಲಿಟ್ಟಿರೋ ಎಂದು ಕೇಳುವವರಿಲ್ಲ.

ಹೆರಿಗೆಯಾದೊಡನೆ ಅಪಾಯ ಕಳೆಯಿತೆಂದೂ ಅಲ್ಲ. ಮೊದಲ ವಾರದಲ್ಲಿ ಸೆಳವು ಬರುವುದುಂಟು. ಬಾಣಂತಿಗೆ ತಲೆನೋವೆಂದರೆ ಶೀತವೆಂದು ಧೂಪ ಹಾಕುತ್ತ ಕೂರದೆ, ಒತ್ತಡ ಅಳೆಯಿಸಬೇಕು.