ಮಳೆಗಾಲದಲ್ಲಿ ಮಂಗಳೂರಿಗೆ ಹೋಗುವ ಸದಸ್ಯರ ಗಮನಕ್ಕೆ

ಅಡಿಕೆ ವ್ಯವಹಾರ, ಆಸ್ಪತ್ರೆ, ಮಕ್ಕಳ ಕಾಲೇಜು, ಗಲ್ಫ್ ದೇಶಗಳಿಂದ ಬರುವವರನ್ನು ಕರೆತರುವುದು – ಹೀಗೆ ಒಂದಲ್ಲ ಒಂದು ಕಾರಣಕ್ಕೆ ನಮ್ಮ ಸದಸ್ಯರು ಘಟ್ಟ ಇಳಿದು ಮಂಗಳೂರಿಗೆ ಹೋಗಲೇಬೇಕಾಗುತ್ತದೆ. ಸಕಲೇಶಪುರದಿಂದ ಅಲ್ಲಿಗೆ ಸುಮಾರು 130 ಕಿ.ಮೀ. ಬೇಸಿಗೆಯಲ್ಲಿ ಇದು ದೊಡ್ಡ ದೂರವಲ್ಲ. ಮಳೆಗಾಲದಲ್ಲಿ ಮಾತ್ರ ತಲುಪುವ ಹೊತ್ತನ್ನು ನಿರ್ಧರಿಸುವುದು ಘಾಟಿಯೇ ಹೊರತು ದೂರವಲ್ಲ.

ಸಕಲೇಶಪುರದ ಕಡೆಯವರಿಗೆ ಶಿರಾಡಿ, ಮೂಡಿಗೆರೆಯ ಕಡೆಯವರಿಗೆ ಚಾರ್ಮಾಡಿ ಹತ್ತಿರದ ದಾರಿ. 2018ರ ಆಗಸ್ಟಿನಲ್ಲಿ ಶಿರಾಡಿಯಲ್ಲೂ ಸಂಪಾಜೆಯಲ್ಲೂ ಗುಡ್ಡ ಕುಸಿಯಿತು. 2019ರ ಆಗಸ್ಟಿನಲ್ಲಿ ಚಾರ್ಮಾಡಿಯ ಸರದಿ. ಆದ್ದರಿಂದ ಹೊರಡುವ ಮುನ್ನ ಒಂದಲ್ಲ, ಎರಡು ಘಾಟಿಗಳ ಸ್ಥಿತಿಯನ್ನು ವಿಚಾರಿಸಿಕೊಳ್ಳುವುದು ಒಳ್ಳೆಯದು. ರಸ್ತೆ ಕೆಟ್ಟರೆ ರೈಲು ಇದೆಯೆಂದು ಪೂರ್ತಿ ನಂಬುವಂತಿಲ್ಲ. ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವಿನ 55 ಕಿ.ಮೀ. ಹಳಿ 57 ಸುರಂಗಗಳನ್ನು ದಾಟಿ ಇಳಿಯುತ್ತದೆ. 2024ರ ಜುಲೈ ಕೊನೆಯಲ್ಲಿ ಎಡಕುಮೇರಿ ಬಳಿ ಮಣ್ಣು ಕುಸಿದು ಅಲ್ಲಿಯೂ ಸಂಚಾರ ನಿಂತಿತ್ತು.

ರೈಲಿನಲ್ಲಿ ಹೋಗುವವರು ಟಿಕೆಟ್ಟಿನಲ್ಲಿ ನಿಲ್ದಾಣದ ಹೆಸರನ್ನು ನೋಡಿಕೊಳ್ಳಬೇಕು. ಸೆಂಟ್ರಲ್ ನಿಲ್ದಾಣ ಹಂಪನಕಟ್ಟೆಗೆ ಸಮೀಪ. ವೆನ್ಲಾಕ್ ಆಸ್ಪತ್ರೆ, ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣ ಅಲ್ಲಿಂದ ಹತ್ತಿರ. ಜಂಕ್ಷನ್ ನಿಲ್ದಾಣ ಊರ ಹೊರಭಾಗದಲ್ಲಿದ್ದು, ಆಟೋ ಹಿಡಿಯಬೇಕು. ಸರ್ಕಾರಿ ಬಸ್ಸುಗಳು ನಿಲ್ಲುವುದು ಬಿಜೈಯಲ್ಲಿ. ಖಾಸಗಿ ಸಿಟಿ ಬಸ್ಸು, ಸರ್ವಿಸ್ ಬಸ್ಸುಗಳು ಹೊರಡುವುದು ಸ್ಟೇಟ್ ಬ್ಯಾಂಕಿನಿಂದ.

ವಿಮಾನ ನಿಲ್ದಾಣ ಊರಿನಿಂದ ಸುಮಾರು 13 ಕಿ.ಮೀ. ದೂರದಲ್ಲಿದೆ. 1951ರಲ್ಲಿ ಬಜಪೆಯಲ್ಲಿ ಆರಂಭವಾದ ಇದಕ್ಕೆ 2010ರಿಂದ ಕೆಂಜಾರಿನ ಕಡೆ ಹೊಸ ಕಟ್ಟಡವಿದೆ. ಬಜಪೆ ಬಸ್ಸಿನಲ್ಲಿ ಹೋಗುವವರು ಕೆಂಜಾರಿನಲ್ಲಿ ಇಳಿದು ಗುಡ್ಡ ಹತ್ತಬೇಕು. ಸಾಮಾನಿದ್ದರೆ ಆಟೋ ಬೇಕು. ಸ್ವಂತ ವಾಹನದವರಿಗೆ ಬಿ.ಸಿ.ರೋಡಿನಿಂದ ಪೊಳಲಿ, ಕೈಕಂಬ, ಬಜಪೆ ಮೂಲಕ ಒಳದಾರಿಯಿದ್ದು, ನಗರದ ನೂಕುನುಗ್ಗಲು ತಪ್ಪುತ್ತದೆ. ಮರವೂರು ಸೇತುವೆ 2021ರ ಜೂನ್‌ನಲ್ಲಿ ಕುಸಿದು ಸಂಚಾರ ನಿಂತಾಗ ಇಂಥ ಬಳಸುದಾರಿಗಳೇ ಗತಿಯಾದವು.

ರನ್‌ವೇ ಇರುವುದು ಗುಡ್ಡದ ತಲೆಯನ್ನು ಸಮತಟ್ಟು ಮಾಡಿದ ಜಾಗದಲ್ಲಿ, ಅಂಚಿನಾಚೆ ಇಳಿಜಾರು. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ರನ್‌ವೇ ದಾಟಿ ಕೆಳಗುರುಳಿ 158 ಮಂದಿ ತೀರಿಕೊಂಡರು. ಜಡಿಮಳೆ, ಮಂಜು ಕವಿದಾಗ ವಿಮಾನವನ್ನು ಬೆಂಗಳೂರಿಗೋ ಕೊಚ್ಚಿಗೋ ತಿರುಗಿಸುವುದು ಪ್ರಯಾಣಿಕರ ಹಿತಕ್ಕಾಗಿಯೇ. ಕರೆತರಲು ಹೋಗುವವರು ಇದಕ್ಕೂ ಸಿದ್ಧರಿರಬೇಕು.

ಒಟ್ಟಿನಲ್ಲಿ ನಮ್ಮ ಸಲಹೆ ಇಷ್ಟೆ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಿಮಾನ ಹಿಡಿಯುವುದಿದ್ದರೆ, ಇಲ್ಲವೇ ಆಸ್ಪತ್ರೆಯಲ್ಲಿ ದಿನ ಗೊತ್ತಾಗಿದ್ದರೆ, ಹಿಂದಿನ ದಿನ ಬೆಳಕಿರುವಾಗಲೇ ಘಟ್ಟ ಇಳಿದು ಅಲ್ಲಿ ತಂಗಿರಿ. ಒಂದು ರಾತ್ರಿಯ ವಸತಿಗೆ ಆಗುವ ಖರ್ಚು, ತಪ್ಪಿಹೋದ ವಿಮಾನದ ಟಿಕೆಟ್ಟಿಗಿಂತ ಕಡಿಮೆ. ರೋಗಿಯ ವಿಷಯದಲ್ಲಂತೂ ಆ ಲೆಕ್ಕವನ್ನೇ ಹಾಕಬಾರದು.